ಲಂಗದ ಕೆಸರು, ಮದುವೆಯ ಸಾಲ

ಇಂಗ್ಲೆಂಡಿನ ಒಬ್ಬ ದೊರೆಗೆ ತಲೆ ಕೆಟ್ಟಿತು. ಮೂರನೇ ಜಾರ್ಜ್ ಅಂತ ಹೆಸರು. 1811ರ ಫೆಬ್ರವರಿಯಲ್ಲಿ ಅವನ ಮಗನನ್ನು ರೀಜೆಂಟ್ ಅಂತ ಕೂರಿಸಿದರು. ರೀಜೆಂಟ್ ಎಂದರೆ ಗದ್ದುಗೆಯ ಮೇಲಿರುವವನ ಹೆಸರಲ್ಲಿ ರಾಜ್ಯ ಆಳುವವ. 1820ರ ಜನವರಿಯಲ್ಲಿ ಅಪ್ಪ ಸತ್ತ, ಮಗ ತಾನೇ ರಾಜನಾದ. ಲೆಕ್ಕ ಹಾಕಿದರೆ ಒಟ್ಟು ಒಂಬತ್ತು ವರ್ಷ. ಈ ಒಂಬತ್ತು ವರ್ಷದ ಹೆಸರು ಹೇಳಿಕೊಂಡು ಇಂಗ್ಲಿಷ್ ಪುಸ್ತಕದ ಅಂಗಡಿಗಳು ತೊಂಬತ್ತು ವರ್ಷದಿಂದ ಉಣ್ಣುತ್ತಿವೆ.

ರೀಜೆನ್ಸಿ ರೊಮ್ಯಾನ್ಸ್ ಎಂದು ಆ ಸರಕಿನ ಹೆಸರು. ಒಬ್ಬ ಡ್ಯೂಕ್ ಇರುತ್ತಾನೆ. ಅವನಿಗೊಂದು ಬಂಗಲೆ, ನಾಲ್ಕು ಕುದುರೆಯ ಗಾಡಿ, ಒಳಗೊಳಗೇ ಒಂದು ಹಳೇ ನೋವು. ಎದುರಿಗೆ ಹಣವಿಲ್ಲದ, ಬಾಯಿ ಚುರುಕಾದ ಒಬ್ಬ ಹುಡುಗಿ. ಮೇಣದ ಬತ್ತಿಯ ಬೆಳಕಲ್ಲಿ ಕುಣಿತ. ಮೊದಲು ಜಗಳ, ಆಮೇಲೆ ಮಳೆ, ಆಮೇಲೆ ಮದುವೆ. ಮದುವೆ ಆದ ಕೂಡಲೇ ಪುಸ್ತಕ ಮುಗಿಯುತ್ತದೆ. ಈ ಅಚ್ಚನ್ನು ಹೊಯ್ದವಳು ಜಾರ್ಜೆಟ್ ಹೇಯರ್. ಅವಳ 'ರೀಜೆನ್ಸಿ ಬಕ್' 1935ರಲ್ಲಿ ಬಂತು. ಜೇನ್ ಆಸ್ಟಿನ್ ಮೇಲೆ ತಪ್ಪು ಹೊರಿಸಬೇಡಿ. ಆಕೆ ಆ ಕಾಲದಲ್ಲೇ ಬದುಕಿದ್ದವಳು, 'ಪ್ರೈಡ್ ಅಂಡ್ ಪ್ರಿಜುಡೀಸ್' 1813ರದು. ಯಾವ ಗಂಡಿಗೆ ವರ್ಷಕ್ಕೆ ಎಷ್ಟು ಪೌಂಡು ವರಮಾನ ಎಂದು ಮೊದಲೇ ಹೇಳಿಬಿಟ್ಟು ಆಮೇಲೆ ಪ್ರೀತಿಯ ಮಾತು ಎತ್ತುವ ಗಟ್ಟಿ ಹೆಂಗಸು. ರೀಜೆಂಟನನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಆದರೂ ಅರಮನೆಯ ಕಡೆಯಿಂದ ಸೂಚನೆ ಬಂದಾಗ 'ಎಮ್ಮಾ'ವನ್ನು ಅವನಿಗೇ ಅರ್ಪಿಸಬೇಕಾಯಿತು. ಅರಮನೆ ಎಂದರೆ ಹಾಗೆ. ನಮ್ಮ ಕವಿಗಳಿಗೂ ಅದು ಗೊತ್ತು.

ಈಗ ಆ ಕತೆಗಳನ್ನು ಗೇಲಿ ಮಾಡಿ, ತಲೆಕೆಳಗು ಮಾಡಿ ಬರೆಯುವುದೇ ಇನ್ನೊಂದು ದೊಡ್ಡ ವ್ಯಾಪಾರ. 2009ರಲ್ಲಿ ಒಬ್ಬ ಅಮೆರಿಕದವನು ಆಸ್ಟಿನ್ ಕಾದಂಬರಿಯ ಒಳಕ್ಕೆ ನಡೆದಾಡುವ ಹೆಣಗಳನ್ನು ನುಗ್ಗಿಸಿದ. ಅಕ್ಕತಂಗಿಯರು ಕತ್ತಿ ಹಿಡಿದು ಹೆಣಗಳ ತಲೆ ಕಡಿಯುತ್ತಾರೆ. ನಗು ಬರುತ್ತದೆ, ಹೌದು. ಹೆಣಗಳನ್ನು ಎತ್ತಿ ಹೂಳುವವರು ಯಾರು ಅಂತ ಮಾತ್ರ ಅಲ್ಲಿ ಯಾರೂ ಕೇಳುವುದಿಲ್ಲ. ಹೆಣ ಹೂಳುವ ಕೆಲಸ ಯಾವ ಕೇರಿಗೆ ಬರುತ್ತದೆ ಅಂತ ಗೊತ್ತಿರುವ ನನ್ನಂಥವನಿಗೆ ಮೊದಲು ಹೊಳೆಯುವುದೇ ಅದು.

ಆಮೇಲೆ ಬಂತು 'ಬ್ರಿಡ್ಜರ್ಟನ್'. ಜೂಲಿಯಾ ಕ್ವಿನ್ ಎಂಬಾಕೆ 2000ದಿಂದ ಬರೆದ ಕಾದಂಬರಿ ಸಾಲು. 2020ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಧಾರಾವಾಹಿಯಾಯಿತು. ಹಾಸ್ಟೆಲಿನ ಹುಡುಗಿಯರು ಒಂದೇ ಫೋನಿನ ಸುತ್ತ ನಾಲ್ಕು ತಲೆ ಸೇರಿಸಿ ನೋಡಿದರು. ಅಲ್ಲಿನ ಡ್ಯೂಕ್ ಕಪ್ಪು ಮನುಷ್ಯ, ರಾಣಿಯೂ ಕಪ್ಪು ಬಣ್ಣದವಳು. ಇದು ಹೇಗಾಯಿತು ಎಂಬುದಕ್ಕೆ ಧಾರಾವಾಹಿ ಕೊಡುವ ಕಾರಣ ಬಹಳ ಸರಳ: ರಾಜ ಒಬ್ಬ ಕಪ್ಪು ಹೆಣ್ಣನ್ನು ಪ್ರೀತಿಸಿ ಮದುವೆಯಾದ, ಅದರಿಂದ ಕಪ್ಪು ಜನರಿಗೂ ಪದವಿ, ಜಮೀನು ಸಿಕ್ಕಿತು. ಎಂತ ಸುಲಭ ನೋಡಿ ಮಾರಾಯ್ರೆ! ಒಂದು ಮದುವೆಯಿಂದ ಒಂದು ಸಾಮ್ರಾಜ್ಯದ ಗುಲಾಮಗಿರಿ ತೊಳೆದುಹೋಯಿತು. ಆ ಕಾಲದಲ್ಲಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಸಂಕೋಲೆ ಇತ್ತು. ಗುಲಾಮರ ಸಾಗಾಟ ನಿಲ್ಲಿಸುವ ಕಾನೂನನ್ನು 1807ರಲ್ಲಿ ಮಾಡಿದರು, ಗುಲಾಮಗಿರಿಯನ್ನೇ ತೆಗೆಯುವ ಕಾನೂನು 1833ರ ತನಕ ಕಾಯಿತು. ಆ 1833ರ ಕಾನೂನಿನಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟರು. ಕಂಪನಿಯ ಸೀಮೆಗೆ ಅಂಥ ಕಾನೂನು ಬಂದದ್ದು 1843ರಲ್ಲಿ.

2022ರ ಎರಡನೇ ಕಂತಿಗೆ ಇಂಡಿಯಾದಿಂದ ಇಬ್ಬರು ಅಕ್ಕತಂಗಿಯರು ಲಂಡನ್ನಿನ ಕುಣಿತದ ಮನೆಗೆ ಹೋಗುತ್ತಾರೆ. ಅರಿಸಿನ ಹಚ್ಚುವ ಶಾಸ್ತ್ರ ಇದೆ, ಮಸಾಲೆ ಹಾಕಿದ ಚಹಾ ಇದೆ. ನಮ್ಮ ದೇಶದ ಕಪ್ಪು ಮೈಯ ಹುಡುಗಿಯನ್ನು ಜಗತ್ತೇ ಚಂದ ಅಂತ ನೋಡಿತಲ್ಲ ಎಂದು ಹಾಸ್ಟೆಲಿನಲ್ಲಿ ಖುಷಿಪಟ್ಟವರನ್ನು ನಾನು ಹಳಿಯುವುದಿಲ್ಲ. ಆ ಖುಷಿಗೆ ಕಾರಣ ಇದೆ. ಆದರೆ ಆ ಅಕ್ಕತಂಗಿಯರ ಮನೆತನದ ಹೆಸರು ಏನು ಗೊತ್ತೆ? ಶರ್ಮಾ! ಎಲ್ಲ ಬಣ್ಣದವರಿಗೂ ಬಾಗಿಲು ತೆರೆದ ಕನಸಿನ ಲಂಡನ್ನಿಗೂ ಇಂಡಿಯಾದಿಂದ ಮೊದಲು ಒಳಗೆ ಹೋದವರು ಶರ್ಮರೇ.

ಇವುಗಳ ಮಧ್ಯೆ ನನ್ನನ್ನು ನಿಲ್ಲಿಸಿದ ಪುಸ್ತಕ ಒಂದೇ. ಜೋ ಬೇಕರ್ ಬರೆದ 'ಲಾಂಗ್‌ಬೋರ್ನ್', 2013. ಆಸ್ಟಿನ್‌ಳ ಕಾದಂಬರಿಯಲ್ಲಿ ನಾಯಕಿ ಎಲಿಜಬೆತ್ ಮಳೆಗಾಲದ ಕೆಸರಿನಲ್ಲಿ ನಡೆದು, ಲಂಗದ ತುದಿ ಕೆಸರು ಮಾಡಿಕೊಂಡು, ಕಾಯಿಲೆ ಮಲಗಿದ ಅಕ್ಕನನ್ನು ನೋಡಲು ಹೋಗುತ್ತಾಳಲ್ಲ. ಎಷ್ಟು ಸ್ವತಂತ್ರ ಹೆಣ್ಣು ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಹೊಗಳುತ್ತಾರಲ್ಲ. ಬೇಕರ್ ಕೇಳಿದ್ದು, ಆ ಲಂಗ ಒಗೆದವಳು ಯಾರು? ಸಾರಾ ಎಂಬ ಕೆಲಸದ ಹುಡುಗಿ. ಬೆಳಗಿನ ಜಾವ ನೀರು ಹೊರುವುದು, ಕಾರದ ಸೋಪಿಗೆ, ಚಳಿಗೆ ಕೈ ಒಡೆಯುವುದು, ಮುಟ್ಟಿನ ಬಟ್ಟೆ ಒಗೆಯುವುದು. ಆಸ್ಟಿನ್ ಅರ್ಧ ಸಾಲಿನಲ್ಲಿ ದಾಟಿಹೋದ ಆಳುಗಳು ಇಲ್ಲಿ ಕತೆ ನಡೆಸುತ್ತಾರೆ, ಡಾರ್ಸಿ ಬಾಗಿಲ ಸಂದಿಯಲ್ಲಿ ಕಾಣುವ ಒಂದು ಕೋಟು ಅಷ್ಟೆ. ಪಕ್ಕದ ದೊಡ್ಡ ಮನೆಯಲ್ಲಿ ಕಪ್ಪು ಬಣ್ಣದ ಒಬ್ಬ ಆಳಿದ್ದಾನೆ. ಅವನಿಗೆ ಯಜಮಾನರ ಮನೆತನದ್ದೇ ಹೆಸರು, ಏಕೆಂದರೆ ಅವನು ಅವರ ಕಬ್ಬಿನ ತೋಟದಿಂದ ಬಂದವನು. ಡ್ಯೂಕನ ಮೈಬಣ್ಣ ಬದಲಾಯಿಸುವುದು ಒಂದು ಬಗೆಯ ತುಂಟತನ. ಅಡುಗೆಮನೆಯ ಹಿಂದಿನ ಒಗೆಯುವ ಕಲ್ಲಿನಿಂದ ಕತೆ ಶುರು ಮಾಡುವುದು ಬೇರೆ. ನಾನು ಎರಡನೆಯದಕ್ಕೆ ಮಾತ್ರ ಬಂಡಾಯ ಎಂಬ ಮಾತು ಕೊಡುತ್ತೇನೆ.

ಸಾಗರದ ಹುಡುಗನಿಗೆ ಲಂಡನ್ನಿನ ಲಂಗದ ಉಸಾಬರಿ ಎಂತಕ್ಕೆ ಅಂತ ಕೇಳುವವರಿದ್ದಾರೆ. ಹೇಳುತ್ತೇನೆ.

ಆ ರೀಜೆನ್ಸಿಯ ಹೊತ್ತಿಗೆ ಇಲ್ಲಿ ನಮ್ಮ ರೀಜೆನ್ಸಿ ಆಗಿಹೋಗಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಮೈಸೂರಿನ ಗದ್ದುಗೆಯ ಮೇಲೆ ಐದು ವರ್ಷದ ಹುಡುಗನನ್ನು ಕೂರಿಸಿದರು, ಅವನ ಹೆಸರಲ್ಲಿ ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದ. ಪೂರ್ಣಯ್ಯ ಇಳಿದದ್ದು 1811ರಲ್ಲಿ, ಲಂಡನ್ನಿನಲ್ಲಿ ರೀಜೆಂಟ್ ಏರಿದ ವರ್ಷವೇ. ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕು ಎಂದು ಕರಾರು. ಆ ವರಹದಲ್ಲಿ ನಗರ ಸೀಮೆಯ ಅಡಿಕೆ, ಮೆಣಸು, ಗಂಧ, ಭತ್ತದ ಕಂದಾಯವೂ ಸೇರಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ನಾವು ಈಗ ಕರೆಯುವ ಕಾಡೆಲ್ಲ ಆಗಿನ ನಗರ ಸೀಮೆಯದೇ.

ರೀಜೆನ್ಸಿ ಕತೆಗಳಲ್ಲಿ ಡ್ಯೂಕುಗಳಿಗೆಲ್ಲ ಡ್ಯೂಕ್ ಎಂದರೆ ವೆಲಿಂಗ್ಟನ್. 1815ರ ಜೂನ್ 15ರ ರಾತ್ರಿ ಬ್ರಸೆಲ್ಸಿನಲ್ಲಿ ರಿಚ್ಮಂಡ್ ಡಚೆಸ್ ಕೊಟ್ಟ ಕುಣಿತಕ್ಕೆ ಅವನು ಬಂದದ್ದು, ಮೂರು ದಿನದ ಮೇಲೆ ವಾಟರ್ಲೂ ಕದನ ಆದದ್ದು, ಇದು ಇಲ್ಲದ ರೀಜೆನ್ಸಿ ಅಂಗಡಿ ಇಲ್ಲ. ಅದೇ ಮನುಷ್ಯ, ಇನ್ನೂ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1800ರಲ್ಲಿ ಧೋಂಡಿಯ ವಾಘನ ಬೆನ್ನು ಹತ್ತಿದವನು. ಧೋಂಡಿಯ ಚನ್ನಗಿರಿಯವನು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು ಬಿದನೂರು, ಶಿಕಾರಿಪುರದ ಕಡೆ ದಂಡು ಕಟ್ಟಿ, ಎರಡೂ ಲೋಕದ ಒಡೆಯ ನಾನೇ ಅಂತ ಬಿರುದು ಹಾಕಿಕೊಂಡ. 1800ರ ಸೆಪ್ಟೆಂಬರಿನಲ್ಲಿ ಅವನನ್ನು ಕೊಂದರು. ಕುಣಿತದ ಮನೆಗೆ ಬಂದ ಡ್ಯೂಕನ ಬೂಟಿಗೆ ಅಂಟಿದ್ದ ಮಣ್ಣು ಯಾವ ಊರಿನದು ಅಂತ ಯಾವ ರೊಮ್ಯಾನ್ಸಿನ ನಾಯಕಿಯೂ ಬಗ್ಗಿ ನೋಡಲಿಲ್ಲ.

ಇನ್ನೂ ಒಂದಿದೆ. ಮಾರ್ಕ್ ವಿಲ್ಕ್ಸ್ ಎಂಬವನು ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ಅವನು ಬರೆದ ದಕ್ಷಿಣ ಇಂಡಿಯಾದ ಚರಿತ್ರೆ 1810 ಮತ್ತು 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಸ್ಟಿನ್ ಓದುತ್ತಿದ್ದ ಅದೇ ಊರು, ಅದೇ ಕಾಲ. ಅದರಲ್ಲಿ ನಮ್ಮ ಬಿದನೂರಿನ ಕತೆ ಇದೆ. ಬಿದನೂರು ಅಂದರೆ ಈಗ ಹೊಸನಗರ ತಾಲೂಕಿನ ನಗರ. ಕೆಳದಿ ಮನೆತನದ ಕೊನೆಯ ರಾಣಿ ವೀರಮ್ಮಾಜಿ, ಗಂಡ ಸತ್ತ ಮೇಲೆ ದತ್ತುಮಗನ ಹೆಸರಲ್ಲಿ ಆಳಿದವಳು. ಅವಳೂ ಒಬ್ಬ ರೀಜೆಂಟೇ ಆದಳಲ್ಲ! ವಿಲ್ಕ್ಸ್ ಹೇಳುವ ಪ್ರಕಾರ ರಾಣಿಗೆ ನಿಂಬಯ್ಯ ಎಂಬ ಆಳಿನ ಜೊತೆ ಸಂಬಂಧ, ಅದನ್ನು ಆಕ್ಷೇಪಿಸಿದ ಹುಡುಗನ ಕೊಲೆ. ಆಮೇಲೆ ಸತ್ತ ಹುಡುಗ ನಾನೇ, ಸಾಯಲೇ ಇಲ್ಲ ಅಂತ ಒಬ್ಬ ಎದ್ದು ಬಂದು ಹೈದರಾಲಿಯನ್ನು ಸೇರಿಕೊಂಡ. ಸೈನಿಕರು ಅವನಿಗೆ ಗೈಬು ರಾಜ ಅಂತ ಅಡ್ಡಹೆಸರಿಟ್ಟರು. 1763ರಲ್ಲಿ ಹೈದರ್ ಬಿದನೂರು ಹಿಡಿದ. ರಾಣಿ ಅರಮನೆಗೆ ಬೆಂಕಿ ಕೊಡಿಸಿ ಬಲ್ಲಾಳರಾಯನ ದುರ್ಗಕ್ಕೆ ಓಡಿದಳು, ಸಿಕ್ಕಿಬಿದ್ದಳು, ಮಧುಗಿರಿ ಕೋಟೆಯಲ್ಲಿ ಸೆರೆಯಾದಳು. 1767ರಲ್ಲಿ ಮರಾಠರು ಬಿಡಿಸಿದರು, ಪುಣೆಗೆ ಹೋಗುವ ದಾರಿಯಲ್ಲೇ ಸತ್ತಳು.

ಈ ಸಂಬಂಧದ ಕತೆಯಲ್ಲಿ ಎಷ್ಟು ನಿಜ, ಎಷ್ಟು ರಾಜ್ಯ ಕಳಕೊಂಡ ಹೆಂಗಸಿನ ಮೇಲೆ ಎರಚಿದ ಕೊಚ್ಚೆ ಎಂಬುದು ಬೇರೆ ಜಗಳ. ನನ್ನ ಕಣ್ಣು ಹೋದದ್ದು ಆ ಒಬ್ಬ ಆಳಿನ ಹೆಸರಿನ ಮೇಲೆ. ಇಡೀ ಬಿದನೂರಿನ ಅರಮನೆಯಲ್ಲಿ ಸಾವಿರ ಆಳು ದುಡಿದಿರಬೇಕು. ಲಂಡನ್ನಿನ ಪುಸ್ತಕಕ್ಕೆ ಒಬ್ಬನ ಹೆಸರು ತಲುಪಿತು. ರಾಣಿಯ ಹಾಸಿಗೆಯ ಹತ್ತಿರ ಹೋದ ಎಂಬ ಆರೋಪದಿಂದ ತಲುಪಿತು. ಇಲ್ಲದಿದ್ದರೆ ಅದೂ ಇಲ್ಲ.

ಚರಿತ್ರೆಯ ಕಾದಂಬರಿ ಎಂಬ ಜಾತಿ ಹುಟ್ಟಿದ್ದೂ ರೀಜೆನ್ಸಿಯಲ್ಲೇ. ವಾಲ್ಟರ್ ಸ್ಕಾಟನ 'ವೇವರ್ಲಿ' 1814ರದು. ಆ ಬೀಜ ಬಂಗಾಳಕ್ಕೆ ಹೋಗಿ ಬಂಕಿಮಚಂದ್ರರ 'ದುರ್ಗೇಶನಂದಿನಿ' ಆಯಿತು, 1865. ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಗಳಗನಾಥರು ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅಲ್ಲಿಂದ ಮುಂದೆ ನಮಗೂ ನಮ್ಮದೇ ರೀಜೆನ್ಸಿ ಅಂಗಡಿ: ಪಾಳೇಗಾರ, ಕುದುರೆ, ಕಿರೀಟ, ದ್ರೋಹ, ಪ್ರೇಮ. ಅರಮನೆ ಕಟ್ಟಿದವರು ಇಲ್ಲ. ಒನಕೆ ಹಿಡಿದು ಹೆಣ ಬೀಳಿಸಿದರೆ ಮಾತ್ರ ಒಬ್ಬ ಓಬವ್ವ ಒಳಗೆ ಬರಬಹುದು.

ಕೆಳದಿಯ ಕತೆಯನ್ನು ಯಾರು ಹೇಳಿದರೂ ಕಲಾವತಿ ಬರುತ್ತಾಳೆ. ಸೋಮಶೇಖರ ನಾಯಕ ಈ ನರ್ತಕಿಗೆ ಮನಸೋತು ರಾಜ್ಯ ಮರೆತ, ಬುದ್ಧಿ ಕಳಕೊಂಡ, ಕೊಲೆಯಾದ. ರಾಣಿ ಚೆನ್ನಮ್ಮಾಜಿ 1671ರಲ್ಲಿ ಕತ್ತಿ ಹಿಡಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯಕ್ಕೆ ಹೆದರಲಿಲ್ಲ. ಚೆನ್ನಮ್ಮಾಜಿಯ ಧೈರ್ಯಕ್ಕೆ ನನ್ನದೂ ಒಂದು ನಮಸ್ಕಾರ. ಆದರೆ ಕಲಾವತಿ? ಅವಳು ಕೆಟ್ಟ ಹೆಣ್ಣು, ಅಷ್ಟೆ. ರಾಜ ಕರೆದಾಗ ಬರುವುದಿಲ್ಲ ಅನ್ನುವ ಹಕ್ಕು ಕುಣಿಯುವ ಹೆಣ್ಣಿಗೆ ಎಲ್ಲಿತ್ತು ಎಂದು ನಮ್ಮ ನಾಟಕದ ಕಂಪನಿಗಳು ಕೇಳಲಿಲ್ಲ.

ಇದಕ್ಕಿಂತ ಹಿಂದಕ್ಕೆ, ಕೆಳದಿಯ ಬೇರಿಗೇ ಹೋಗೋಣ. ಅಲ್ಲಿ ನಮ್ಮವರಿದ್ದಾರೆ.

ಸಾಗರದ ಮಕ್ಕಳಿಗೆ ಶಾಲೆಯಲ್ಲಿ ಹೇಳುವ ಐತಿಹ್ಯ ಇದು. ಚೌಡಪ್ಪ, ಭದ್ರಪ್ಪ ಎಂದು ಇಬ್ಬರು ಅಣ್ಣತಮ್ಮಂದಿರು. ಹುತ್ತದ ಮೇಲೆ ಹಸು ಹಾಲು ಸುರಿಸಿತು, ಅಗೆದರೆ ಲಿಂಗ ಸಿಕ್ಕಿತು. ಮಲಗಿದ ಚೌಡಪ್ಪನ ತಲೆಗೆ ಹಾವು ಹೆಡೆಯ ನೆರಳು ಹಿಡಿಯಿತು. ಗದ್ದೆಯಲ್ಲಿ ನಾಗರಮುರಿ ಎಂಬ ಕತ್ತಿ ಸಿಕ್ಕಿತು, ನೆಲದಡಿ ನಿಧಿಯ ಕೊಪ್ಪರಿಗೆ ಸಿಕ್ಕಿತು. ನಿಧಿ ಎತ್ತಬೇಕಾದರೆ ನರಬಲಿ ಬೇಕು. ಚೌಡಪ್ಪನ ಮನೆಯಲ್ಲಿ ಇಬ್ಬರು ಆಳುಗಳಿದ್ದರು, ಎಡವ ಮತ್ತು ಮುರಾರಿ. ಅವರು ತಾವಾಗಿ ಮುಂದೆ ಬಂದು ಕೊರಳು ಕೊಟ್ಟರು, ನಮ್ಮ ಹೆಸರು ಉಳಿಸಿ ಎಂದಷ್ಟೇ ಬೇಡಿದರು ಅಂತ ಕತೆ. ಸುಮಾರು 1500ರಿಂದ 1763ರ ತನಕ ಆಳಿದ ಕೆಳದಿ ಅರಸರ ಬಿರುದುಗಳಲ್ಲಿ ಅದಕ್ಕೇ 'ಎಡವ ಮುರಾರಿ ಕೋಟೆ ಕೋಲಾಹಲ' ಎಂದು ಬರುತ್ತದೆ.

ತಾವಾಗಿ ಮುಂದೆ ಬಂದರಂತೆ! ಈ ಒಂದು ಮಾತಿನ ಮೇಲೆ ಸ್ವಲ್ಪ ಕೂರಿ ಗೆಳೆಯರೇ. ಒಡೆಯನ ಗದ್ದೆ, ಒಡೆಯನ ಕತ್ತಿ, ಒಡೆಯನ ನಿಧಿ. ಬಲಿ ಆಗಬೇಕಾದವರು ಮಾತ್ರ ತಮ್ಮ ಇಷ್ಟದಿಂದ ಬಂದರು. ನಿಧಿ ಸಿಕ್ಕ ಮನೆಯ ಒಬ್ಬ ಅಣ್ಣನೋ ತಮ್ಮನೋ ಯಾಕೆ ಸ್ವಂತ ಇಷ್ಟದಿಂದ ಕೊರಳು ಕೊಡಲಿಲ್ಲ? ರೀಜೆನ್ಸಿ ಕತೆಗಳಲ್ಲಿ ನಂಬಿಕಸ್ತ ಆಳು ಅಂತ ಒಂದು ಪಾತ್ರ ಇರುತ್ತದೆ, ಧಣಿಗಾಗಿ ಪ್ರಾಣ ಕೊಡಲು ಸದಾ ತಯಾರು, ಅವನಿಗೆ ಹೆಂಡತಿ ಮಕ್ಕಳು ಇರುವುದಿಲ್ಲ. ಎಡವ ಮುರಾರಿಗೂ ಐತಿಹ್ಯ ಹೆಂಡತಿ ಮಕ್ಕಳನ್ನು ಕೊಟ್ಟಿಲ್ಲ. ಅವರ ಗುಡಿಸಲಲ್ಲಿ ಆ ರಾತ್ರಿ ಒಲೆ ಹಚ್ಚಿದರೋ ಇಲ್ಲವೋ ಎಂಬುದು ಯಾವ ಚಂಪೂಕಾವ್ಯಕ್ಕೂ ವಿಷಯವಲ್ಲ.

ಹೆಸರು ಉಳಿಯಿತಲ್ಲ ಅಂತ ಸಮಾಧಾನ ಹೇಳುವವರು ಉಂಟು. ಹೇಗೆ ಉಳಿಯಿತು ನೋಡಿ. ಕೆಲವರು ಈಗ 'ಎಡವ'ನನ್ನು ತಿದ್ದಿ 'ಯಾದವ' ಅಂತ ಬರೆಯುತ್ತಾರೆ. ಮುರಾರಿ ಮೊದಲೇ ಕೃಷ್ಣನ ಹೆಸರು. ಎರಡನ್ನೂ ಸೇರಿಸಿದರೆ ಕೆಳದಿಯ ಆಳುಗಳು ಮಾಯ, ದ್ವಾರಕೆಯ ದೇವರು ಪ್ರತ್ಯಕ್ಷ! ಕೊರಳು ಕೊಯ್ದಾಯಿತು, ಹೆಸರಿನ ಕೊರಳನ್ನೂ ಕೊಯ್ದಾಯಿತು.

ಇನ್ನು ಮದುವೆ. ನನ್ನ ಮುಖ್ಯ ಜಗಳ ಇರುವುದು ಇಲ್ಲಿ.

ಇಂಗ್ಲಿಷಿನ ಆ ಪುಸ್ತಕಗಳೆಲ್ಲ ಮದುವೆಯಲ್ಲಿ ಮುಗಿಯುತ್ತವೆ, ಗೇಲಿ ಮಾಡಿ ಬರೆದವೂ ಬಹುಪಾಲು ಅಲ್ಲೇ ಮುಗಿಯುತ್ತವೆ. ಮಲೆನಾಡಿನಲ್ಲಿ ಜೀತ ಮದುವೆಯಲ್ಲಿ ಶುರುವಾಗುತ್ತಿತ್ತು. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆ ಹೇಳಿದ್ದಾರೆ: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಅಂದರೆ ಹುಟ್ಟುತ್ತಲೇ ಒಡೆಯನ ಆಳು. ಮಣ್ಣಾಳು ಅಂದರೆ ಮಣ್ಣಿಗೆ ಅಂಟಿದ ಆಳು, ಜಮೀನು ಯಾರ ಕೈಗೆ ಹೋಯಿತೋ ಆಳೂ ಅವನ ಕೈಗೆ. ಕಾನೂನು ಬಂದ ಮೇಲೆ ಹುಟ್ಟಾಳು ಅಂತ ಬಾಯಿಬಿಟ್ಟು ಹೇಳುವಂತಿಲ್ಲ. ಆಗ ಸಾಲ ಬಂತು. ಹುಡುಗನಿಗೆ ವಯಸ್ಸು ಬಂತು, ಮದುವೆ ಮಾಡಬೇಕು. ತೆರ ಕೊಡಬೇಕು, ಒಂದು ಸೀರೆ, ತಾಳಿ, ಕೇರಿಗೆ ಒಂದು ಊಟ. ಹಣ ಎಲ್ಲಿದೆ? ಒಡೆಯರ ಮನೆಯಲ್ಲಿದೆ. ಒಡೆಯ ಕೊಡುತ್ತಾನೆ, ದುಡಿದು ತೀರಿಸು ಅನ್ನುತ್ತಾನೆ. ಅಲ್ಲಿಗೆ ಗಂಡಿನ ಜೊತೆ ಹೆಣ್ಣೂ ಸೇರಿ ಎರಡು ಆಳು. ಮಕ್ಕಳಾದರೆ ಅವರದ್ದೂ ಲೆಕ್ಕ.

ನಮ್ಮ ಅಜ್ಜನ ಮದುವೆ ಹೀಗೇ ಆಗಿದ್ದು. ಆ ಮನೆಯ ಹೆಸರು ಇಲ್ಲಿ ಬೇಡ. ಎಷ್ಟು ಸಾಲ ಎಂದು ಅಜ್ಜಿಯನ್ನು ಕೇಳಿದರೆ, "ನಂಗೆಂತ ಗೊತ್ತು ಮಗ, ಬುಕ್ಕು ಅವ್ರ ಮನೇಲಿತ್ತು" ಅನ್ನುತ್ತಾಳೆ. ಮದುವೆಯಾದ ಮಾರನೇ ಬೆಳಿಗ್ಗೆ ಅವಳು ಕಂಡದ್ದು ಗಂಡನ ಮುಖ ಅಲ್ಲವಂತೆ, ಒಡೆಯರ ಕೊಟ್ಟಿಗೆಯ ಸಗಣಿ. ಆಮೇಲೆ ಮೂವತ್ತು ಮಳೆಗಾಲ ಗೊರಬು ಸೂಡಿ ನಟ್ಟಿ, ಅಡಿಕೆ ಕೊಯ್ಲಿನಲ್ಲಿ ರಾತ್ರಿ ಹನ್ನೆರಡರ ತನಕ ಮೆಟ್ಟುಗತ್ತಿಯ ಮುಂದೆ. ಅಡಿಕೆಯ ಚೊಗರು ಹಿಡಿದ ಅವಳ ಬೆರಳು ಈಗಲೂ ಕಪ್ಪಗೇ ಇದೆ. 'ಲಾಂಗ್‌ಬೋರ್ನ್' ಓದುವಾಗ ಸಾರಾಳ ಒಡೆದ ಕೈ ನನಗೆ ಹೊಸತು ಅನ್ನಿಸದೆ ಹೋದದ್ದು ಅದಕ್ಕೆ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು, ಗೇಣಿ ಅಳೆಯುವ ಕೊಳಗದ ಮೋಸದ ಮೇಲೆ ಜಗಳ ಶುರುವಾಯಿತು. ಲೋಹಿಯಾ ಬಂದು ಜೈಲಿಗೆ ಹೋದರು. ದೊಡ್ಡ ಹೋರಾಟ, ಅದರಿಂದ ಮುಂದೆ 1974ರ ಭೂಸುಧಾರಣೆಗೆ ದಾರಿ ಆಯಿತು. ಅಲ್ಲಿ ಎದ್ದವರು ದೀವರ ರೈತರು, ಅವರಿಗೆ ಗೇಣಿಯ ಗದ್ದೆಯಾದರೂ ಇತ್ತು. ಕೊಳಗವೇ ಇಲ್ಲದವರ ಸಾಲ ಹರಿಯುವ ಕಾನೂನು, ಜೀತ ನಿಷೇಧ, ಬಂದದ್ದು 1976ರಲ್ಲಿ. ಅಜ್ಜನಿಗೆ ಅದು ತಿಳಿದದ್ದು ಇನ್ನೂ ತಡವಾಗಿ.

ನಮ್ಮ ಕಡೆಯ ಬರಹಗಾರರು ಇದನ್ನು ನೋಡಲೇ ಇಲ್ಲವೆ? ನೋಡಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ನೋಡಿದವರು ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು. 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ, 'ಲಾಂಗ್‌ಬೋರ್ನ್'ಗಿಂತ 46 ವರ್ಷ ಮೊದಲು. ಹೆಸರು ನೋಡಿದರೆ ಮದುಮಗಳ ಕತೆ, ರೊಮ್ಯಾನ್ಸೇ. ಆದರೆ ಆ ದೊಡ್ಡ ಪುಸ್ತಕದ ಬಾಗಿಲು ತೆರೆದರೆ ಎದುರಿಗೆ ಡ್ಯೂಕ್ ಇಲ್ಲ, ಗೌಡನೂ ಇಲ್ಲ. ಸಿಂಬಾವಿಯ ಹೊಲೆಯ ನಾಯಿಗುತ್ತಿ, ಅವನ ನಾಯಿ ಹುಲಿಯ. ಬ್ರಿಡ್ಜರ್ಟನ್ನಿನ ಶರ್ಮಾ ಹುಡುಗಿಗೂ ಒಂದು ನಾಯಿ ಇದೆ, ನ್ಯೂಟನ್ ಅಂತ, ದಪ್ಪಗೆ ಮುದ್ದಾಗಿದೆ. ಹುಲಿಯ ತುಂಗೆಯ ನೆರೆಯಲ್ಲಿ ಹೋಗುತ್ತದೆ.

ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ರೀಜೆನ್ಸಿ ಕತೆಗಳಲ್ಲೂ ಓಡಿಹೋಗುವುದು ಇದೆ. ಆಸ್ಟಿನ್‌ಳ ಲಿಡಿಯಾ ಓಡಿಹೋದರೆ ಮನೆತನದ ಮಾನ ಹೋಗುತ್ತದೆ, ಡಾರ್ಸಿ ದುಡ್ಡು ಕೊಟ್ಟು ಮುಚ್ಚಿಹಾಕುತ್ತಾನೆ. ತಿಮ್ಮಿ ಓಡಿದರೆ ಹೋಗುವುದು ಮಾನ ಅಲ್ಲ, ಆಸ್ತಿ. ಅವಳು ಬೆಟ್ಟಳ್ಳಿ ಗೌಡನ ಕಡೆಯ ಆಳು, ಗುತ್ತಿ ಸಿಂಬಾವಿ ಗೌಡನ ಆಳು. ಆಳು ಹುಡುಗಿ ತನ್ನ ಇಷ್ಟದವನ ಜೊತೆ ಹೋದರೆ ಒಬ್ಬ ಒಡೆಯನ ಹಟ್ಟಿಯಿಂದ ಇನ್ನೊಬ್ಬ ಒಡೆಯನ ಹಟ್ಟಿಗೆ ದನ ಹೋದ ಹಾಗೆ, ಕಳ್ಳತನ. ಆ ಕಾಡಿನಲ್ಲಿ ಇಬ್ಬರ ಪ್ರೀತಿ ನಡೆಯಬೇಕಾದರೆ ಮೊದಲು ಕಳ್ಳತನ ಆಗಲೇಬೇಕು. ಇದನ್ನು ಗೌಡರ ಮನೆಯಲ್ಲಿ ಹುಟ್ಟಿದವರು ಬರೆದರು ಎಂಬುದನ್ನು ನಾನು ಮರೆಯುವುದಿಲ್ಲ. ಕುವೆಂಪು ಕಾಡನ್ನು ವರ್ಣಿಸುತ್ತ ನಿಂತಾಗ ಗುತ್ತಿಯ ಹೊಟ್ಟೆ ಹಸಿವು ಮರೆತುಹೋಗುತ್ತದೆ ಅಂತ ನನ್ನ ತಕರಾರು ಇದ್ದೇ ಇದೆ. ಆದರೂ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದನ್ನು ಇಡೀ ರಾತ್ರಿ, ಒಂಬತ್ತು ತಾಸು ಆಡಿದರಲ್ಲ, ಕನ್ನಡದ ಜನ ಒಬ್ಬ ಜೀತದಾಳಿನ ಪ್ರೇಮಕ್ಕೆ ನಿದ್ದೆಗೆಟ್ಟು ಕೂತದ್ದು ಸಣ್ಣದಲ್ಲ.

ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ 'ಫಣಿಯಮ್ಮ' ಬರೆದದ್ದು 1976ರಲ್ಲಿ. ಬಾಲವಿಧವೆ, ಮದುವೆ ಏನೆಂದು ಗೊತ್ತಾಗುವ ಮೊದಲೇ ಮದುವೆ ಮುಗಿದವಳು. ಮಡಿ ಹೆಂಗಸು ಕೇರಿಗೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ನನ್ನ ಮಟ್ಟಿಗೆ ನಮ್ಮ ಕಡೆಯ ಆಸ್ಟಿನ್ ಆಕೆ, ಅಡುಗೆಮನೆಯಿಂದ ಪ್ರಪಂಚ ನೋಡಿದವಳು. ಮೇಳಿಗೆಯ ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, 1965ರಲ್ಲಿ ಅಚ್ಚಾಯಿತು. ಅಗ್ರಹಾರವನ್ನು ಬುಡ ಅಲ್ಲಾಡಿಸಿದ ಪುಸ್ತಕ, ಒಪ್ಪಿದೆ. ಆದರೆ ಅಲ್ಲಿ ಆಚಾರ್ಯರಿಗೆ ಆತ್ಮದ ಸಂಕಟ, ನಮ್ಮ ಬೆಳ್ಳಿಗೆ ಬರೀ ಮೈ. ಅಪ್ಪ ಅವ್ವ ಜ್ವರದಲ್ಲಿ ಸತ್ತು ಗುಡಿಸಲು ಸುಟ್ಟ ಹುಡುಗಿಗೆ ಒಂದು ಪುಟದ ಸಂಕಟವನ್ನೂ ಕೊಡಲಿಲ್ಲ.

ಒಂದು ಮಾತು ಉಳಿದಿದೆ. 1830ರಲ್ಲಿ ನಗರದ ರೈತರು ದಂಗೆ ಎದ್ದರು. ಕಂದಾಯವನ್ನು ಶರತ್ತಿಗೆ ಕೊಟ್ಟು ಅಮಲ್ದಾರರು ಹಿಂಡಿದ್ದೇ ಕಾರಣ. ಮಾರನೇ ವರ್ಷ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡರು, 1881ರ ತನಕ ಬಿಡಲಿಲ್ಲ. ಅಂಥ ದಂಗೆಯ ಮುಂದಾಳು ಬೂದಿ ಬಸವಪ್ಪ ಎಂಬವನು. ತಾನು ಕೆಳದಿಯ ಅರಸರ ವಾರಸುದಾರ, ಬಿದನೂರಿನ ಗದ್ದುಗೆ ನನ್ನದು ಎಂದು ಅವನು ಹೇಳಿಕೊಂಡ, ಜನ ನಂಬಿದರು. ಗೈಬು ರಾಜನ ಕತೆ ಮತ್ತೆ ಬಂತು ನೋಡಿ! ಹೊಟ್ಟೆಗಿಲ್ಲದ ರೈತನಿಗೂ ತನ್ನ ಸಿಟ್ಟಿಗೆ ತೊಡಿಸಲು ರಾಜನ ಅಂಗಿಯೇ ಬೇಕಾಯಿತು. ಎಡವ ಮುರಾರಿಯ ವಾರಸುದಾರ ನಾನು ಅಂತ ಒಬ್ಬ ಎದ್ದಿದ್ದರೆ ಅವನ ಹಿಂದೆ ಎಷ್ಟು ಜನ ಹೋಗುತ್ತಿದ್ದರು?

ನಗರದ ಹತ್ತಿರ ದೇವಗಂಗೆಯ ಕೊಳಗಳಿವೆ. ಕೆಳದಿಯ ರಾಣಿಯರು ಅಲ್ಲಿ ಸ್ನಾನ ಮಾಡುತ್ತಿದ್ದರು ಎಂದು ನೋಡಲು ಹೋದವರಿಗೆಲ್ಲ ಹೇಳುತ್ತಾರೆ. ಒದ್ದೆ ಸೀರೆ ಹಿಂಡಿದವಳ ಕಡೆಯಿಂದ ಬಿದನೂರಿನ ಕಾದಂಬರಿ ಬರೆಯಬೇಕು ಎಂಬುದು ನನ್ನ ಆಸೆ, ನಾನು ಪದ್ಯ ಬರೆಯುವವನು, ಅಷ್ಟು ದಮ್ಮು ಇದೆಯೋ ನೋಡಬೇಕು. ಅದಕ್ಕೆ ಸಾಮಾನು ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗೆಳೆಯರೇ, ನಿಮ್ಮ ಮನೆಯ ಅಜ್ಜಿ ತನ್ನ ಮದುವೆಯ ಸಾಲ ಎಷ್ಟು, ಸೀರೆಗೆ ಎಷ್ಟು, ಊಟಕ್ಕೆ ಎಷ್ಟು ಬಿತ್ತು, ಎಷ್ಟು ಮಳೆಗಾಲ ದುಡಿದು ತೀರಿಸಿದಳು ಅಂತ ನೆನಪಿಟ್ಟಿದ್ದರೆ, ಅವಳು ಹೇಳಿದ ಮಾತಿನಲ್ಲೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಒಡೆಯರ ಹೆಸರು ಬೇಡ. ಅಜ್ಜಿಯ ಹೆಸರು ಅವಳು ಒಪ್ಪಿದರೆ ಮಾತ್ರ ಹಾಕಿ.